ಬೀರುವಿಗೆ ಬಿದ್ದ ಕೆಂಪು ಚೀಟಿ

ವಿಶ್ರಾಂತಿಯ ಮಹತ್ವದ ಬಗ್ಗೆ ಯಾರಾದರೂ ಭಾಷಣ ಏರ್ಪಡಿಸುವುದಿದ್ದರೆ ದಯವಿಟ್ಟು ನನ್ನನ್ನೇ ಕರೆಯಿರಿ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿರುವ ನಾನು, ಪ್ರತಿ ಶನಿವಾರ ದೊಡ್ಡ ಕಂಪ್ರೆಸರನ್ನು ನಿಲ್ಲಿಸಿ ತಣ್ಣಗಾಗಲು ಬಿಡಲೇಬೇಕೆಂದು ಗೋಡೆಯ ಮೇಲೆ ಬರೆಸಿದವನು. ಯಂತ್ರ ನಿಲ್ಲಿಸಿದಾಗ ಸ್ವಿಚ್ಚಿಗೆ ಬೀಗ ಹಾಕಿ 'ಕೆಲಸ ನಡೆಯುತ್ತಿದೆ, ಮುಟ್ಟಬೇಡಿ' ಎಂಬ ಕೆಂಪು ಚೀಟಿ ಕಟ್ಟುತ್ತೇವೆ. ಕಟ್ಟಿದವನ ಹೆಸರು ಅದರಲ್ಲಿರಬೇಕು, ಕೆಲಸ ಮುಗಿದ ಮೇಲೆ ಅವನೇ ಬಿಚ್ಚಬೇಕು. ಮಾಲೀಕರೇ ಬಂದರೂ ಬೇರೆಯವರು ಮುಟ್ಟುವಂತಿಲ್ಲ. ಈ ನಿಯಮವನ್ನು ನಾನು ಮನೆಯಲ್ಲಿ ಊಟದ ನಡುವೆಯೂ ಹೇಳಿ ಹೇಳಿ ಹೆಂಡತಿ ಗಿರಿಜೆಗೆ ಬಾಯಿಪಾಠವಾಗಿದೆ. ಅದೇ ನನಗೆ ಮುಳುವಾಯಿತು.

ಕಳೆದ ತಿಂಗಳು ಡಾಕ್ಟರು ನನ್ನ ಬಿಪಿ ನೋಡಿದರು. ತೋಳಿಗೆ ಎರಡನೇ ಸಲ ಪಟ್ಟಿ ಸುತ್ತಿದಾಗಲೇ ನಾನು, ನನ್ನ ನಂತರ ಕಂಪ್ರೆಸರಿಗೆ ದಿಕ್ಕು ಯಾರು ಎಂದು ಯೋಚಿಸತೊಡಗಿದ್ದೆ. "ಮೂರು ದಿನ ಮನೇಲಿರಿ, ಏನೂ ಮಾಡ್ಬೇಡಿ. ಸೋಮವಾರಕ್ಕೆ ಇಳೀಲಿಲ್ಲ ಅಂದ್ರೆ ಮಾತ್ರೆ ಶುರು. ಜೀವನಪೂರ್ತಿ" ಎಂದರು ಡಾಕ್ಟರು. ಮರುದಿನ, ಶುಕ್ರವಾರ ಬೆಳಿಗ್ಗೆ ಗಿರಿಜೆ ನನ್ನ ಫೋನನ್ನು ಬೀರುವಿನೊಳಗಿಟ್ಟು ಬೀಗ ಹಾಕಿ, ನನ್ನ ಬ್ಯಾಗಿನಲ್ಲೇ ಸಿಕ್ಕ ಕೆಂಪು ಚೀಟಿಯೊಂದನ್ನು ಅದರ ಹಿಡಿಗೆ ಕಟ್ಟಿದಳು. ಕೆಳಗೆ ದುಂಡಗೆ ತನ್ನ ಹೆಸರು ಬರೆದಿದ್ದಳು.

"ರೂಲ್ಸು ನಿಮ್ದೇ ಕಣ್ರೀ" ಎಂದಳು.

ವಿಶ್ರಾಂತಿಯನ್ನು ಅಶಿಸ್ತಿನಿಂದ ಮಾಡುವ ಪೈಕಿ ನಾನಲ್ಲ. ವೇಳಾಪಟ್ಟಿ ಹಾಕಿದೆ: ಒಂಬತ್ತರಿಂದ ಹತ್ತು ಮಲಗುವುದು, ಹತ್ತರಿಂದ ಹತ್ತೂವರೆ ಚಿಂತಿಸದಿರುವುದು. ಚಿಂತಿಸದಿರಲು ಆರಂಭಿಸಿ ಐದು ನಿಮಿಷವಾಗಿರಬೇಕು, ಕೆಳಗಿನ ನೀರಿನ ಮೋಟರು ಕಿರ್ರೆಂದಿತು. ಬೇರಿಂಗ್ ಹೋಗಿದೆ, ಸಂಶಯವೇ ಇಲ್ಲ. ನಾಲ್ಕು ಮಹಡಿ ಇಳಿದು ಓಡಿದೆ. ನಮ್ಮ ಅಪಾರ್ಟ್‌ಮೆಂಟ್ ರಾಗಿ ಹೊಲವಾಗಿದ್ದ ಕಾಲದಿಂದಲೂ ಅಲ್ಲೇ ಇರುವ ವಾಚ್‌ಮನ್ ಮುನಿಯಪ್ಪ ನನ್ನ ಏದುಸಿರು ಅಡಗುವವರೆಗೆ ಕಾದು, "ಅದು ಮೂರ್ ವರ್ಸದಿಂದ ಇಂಗೇ ಕೂಗ್ತೈತೆ ಸಾರ್. ನೀವು ಅಗಲೊತ್ತು ಮನೇಲಿ ಇರ್ತಿರ್ಲಿಲ್ಲ, ಎಲ್ಲಾ ಸರ್ಯಾಗಿತ್ತು" ಎಂದ.

ಶನಿವಾರ ಮುನಿಯಪ್ಪನ ಫೋನು ಬೇಡಿ ನನ್ನ ಸಹಾಯಕ ನಾಗರಾಜನಿಗೆ ಹಚ್ಚಿದೆ. ಅವನ ನಂಬರು ನನಗೆ ನಮ್ಮ ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿದೆ.

"ಕಂಪ್ರೆಸರ್ ಹೇಗಿದೆಯೋ?"

"ನಿಂತಿದೆ ಸಾರ್."

ನನ್ನ ಎದೆಯೂ ಅದರ ಜೊತೆ ನಿಲ್ಲುವುದರಲ್ಲಿತ್ತು. "ಯಾಕೋ, ಏನಾಯ್ತೋ?"

"ಶನಿವಾರ ಅಲ್ವಾ ಸಾರ್. ರೆಸ್ಟ್ ಕೊಡ್ಬೇಕು ಅಂತ ಗೋಡೆ ಮೇಲೆ ನೀವೇ ಬರೆಸಿದೀರಲ್ಲ. ಚೀಟಿ ಕಟ್ಟಿದೀನಿ, ಯಾರೂ ಮುಟ್ಟಿಲ್ಲ. ಪಾಪ, ಆರಾಮಾಗಿದೆ."

ನನ್ನ ಯೋಗ್ಯತೆಗೆ ಕಂಪ್ರೆಸರಿನ ಮೇಲೂ ಹೊಟ್ಟೆಕಿಚ್ಚಾಯಿತು.

ಸೋಮವಾರ ಬಿಪಿ ಮೊದಲಿಗಿಂತ ಏರಿತ್ತು. "ರೆಸ್ಟ್ ಮಾಡಿದ್ರಾ?" ಎಂದು ಡಾಕ್ಟರು ಕೇಳಿದರು. "ಮೂರು ದಿನ ಅದೇ ಕೆಲಸ ಡಾಕ್ಟ್ರೇ, ಒಂದು ನಿಮಿಷ ಬಿಡುವಿರಲಿಲ್ಲ" ಎಂದೆ. ಅವರು ಮಾತ್ರೆ ಬರೆದರು. ಮನೆಗೆ ಬಂದು ಫೋನು ಕೇಳಿದರೆ ಗಿರಿಜೆ, "ಕೆಲಸ ಇನ್ನೂ ಮುಗ್ದಿಲ್ವಲ್ಲ ರೀ. ಬಿಪಿ ಇಳೀಲಿ, ಬಿಚ್ತೀನಿ" ಎಂದಳು.

ಮಂಗಳವಾರ ಕಾರ್ಖಾನೆಗೆ ಹೋದವನು, ಮಾತ್ರೆಗಳನ್ನು ಜೇಬಿನಲ್ಲಿಟ್ಟುಕೊಂಡು, ಎಂದಿನಂತೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೆಂಪು ಚೀಟಿಯ ನಿಯಮ ಹೇಳಿದೆ. ನಾಗರಾಜ ಕೈಯೆತ್ತಿದ. "ಸಾರ್, ಕಟ್ಟಿದವ್ರು ಬಿಚ್ಚೋದೇ ಇಲ್ಲ ಅಂದ್ರೆ?"

"ಅವರ ಕೈಕಾಲು ಹಿಡಿಯಬಾರದು, ಕೀಲಿಕೈ ಹುಡುಕಬಾರದು" ಎಂದೆ ಗಂಭೀರವಾಗಿ. "ನಾನು ಎರಡನ್ನೂ ಮಾಡಿ ನೋಡಿದ್ದೇನೆ."