ದಾಸವಾಳದ ಕಡ್ಡಿಯೂ ನನ್ನ ಕೈಯೂ

ಕೆಲವರ ಕೈಗುಣ ಎಂಥದೆಂದರೆ ಒಣ ಕಡ್ಡಿ ಚುಚ್ಚಿದರೂ ಚಿಗುರುತ್ತದೆ. ನನ್ನದು ಚಿಗುರಿದ್ದನ್ನೂ ಕೊಲ್ಲುವ ಕೈ. ಒಪ್ಪಿಕೊಳ್ಳಲು ನಾಚಿಕೆ, ಏಕೆಂದರೆ ರಾಬರ್ಟ್‌ಸನ್‌ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿರುವವನು ನಾನು. ಕಾಂಡದಿಂದ ಬೇರು ಹೊರಡುವ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಬೋರ್ಡಿನ ಮೇಲೆ ಅದು ಯಾವತ್ತೂ ಕೊಳೆತಿಲ್ಲ.

ಹೋದ ವರ್ಷ ನನ್ನ ಹೆಂಡತಿ ವಿಮಲಾ ಮಾರಿಕುಪ್ಪಂನ ತವರಿನಿಂದ ಎರಡು ದಾಸವಾಳದ ಕಡ್ಡಿ ತಂದಳು. ತೀರಿಹೋದ ಅವಳಮ್ಮ ನೆಟ್ಟಿದ್ದ, ಅರಿಶಿನ ಬಣ್ಣದ ಹೂ ಬಿಡುವ ಗಿಡ. ಕಾಂಪೌಂಡು ಕಟ್ಟುವಾಗ ಅದನ್ನು ಬುಡಸಮೇತ ಕಿತ್ತಿದ್ದರು. ಉಳಿದದ್ದು ಈ ಎರಡೇ ಕಡ್ಡಿ. "ರೀ, ಒಂದಾದರೂ ಬದುಕಿಸಿಕೊಡಿ, ಸಾಕು" ಎಂದು ನನ್ನ ಕೈಗೇ ಕೊಟ್ಟಳು. ಮೇಷ್ಟ್ರ ಮೇಲೆ ಅಷ್ಟು ನಂಬಿಕೆ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಆದರೂ ನಾನು ಎರಡನ್ನೂ ಒಂದು ಕುಂಡದಲ್ಲಿ ನೆಟ್ಟು, ಸ್ನಾನದ ನೀರಿನಲ್ಲಿ ಒಂದು ಚೊಂಬು ಉಳಿಸಿ ದಿನಾ ಬೆಳಿಗ್ಗೆ ಸುರಿದೆ. ನನಗೆ ಹೇಳದೆ ವಿಮಲಾ ಅಕ್ಕಿ ತೊಳೆದ ನೀರನ್ನು ಮಧ್ಯಾಹ್ನ ಸುರಿದಳು. ಸಾಲದ್ದಕ್ಕೆ, ಬೇರು ಬಂತೇ ಎಂದು ದಿನಾ ಕಿತ್ತು ನೋಡುವ ಚಟ ನನಗೆ. ಹತ್ತನೆಯ ದಿನ ಒಂದು ಕಡ್ಡಿ ಕೊಳೆತು ಕೈಗೆ ಬಂತು.

ಎರಡನೆಯದನ್ನು ಎಳೆದು ನೋಡುತ್ತಿದ್ದಾಗ ಅಕ್ಕಯ್ಯಮ್ಮ ಬಂದರು. ಕ್ಯಾಸಂಬಳ್ಳಿಯಿಂದ ಗಂಡನ ಮೊಪೆಡ್ಡಿನಲ್ಲಿ ಬಂದು ನಮಗೆ ಹಾಲು ಹಾಕುವವರು.

"ಮೇಷ್ಟ್ರೇ, ಬಾಣಂತಿ ಕೋಣೆ ಬಾಗಿಲು ಇಂಗೆ ಗಳಿಗ್ಗೊಂದ್ಸಲ ತೆಗೀತಾರಾ? ಮಡಗಿ ಕೆಳಕ್ಕೆ."

ಮಡಗಿದೆ. ಅವರು ಕಪ್ಪಾಗಿದ್ದ ತುದಿಯನ್ನು ಓರೆಯಾಗಿ ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ ನೆಟ್ಟು, ಮೇಲಿನ ತುದಿಗೆ ಸಗಣಿ ಮೆತ್ತಿ, ಕುಂಡವನ್ನು ಬಚ್ಚಲುಮನೆಯ ನೆರಳಿಗೆ ಸರಿಸಿದರು. ಆಮೇಲೆ ವಿಮಲಾಳ ಕಡೆ ತಿರುಗಿ, "ಮಣ್ಣು ಮುಟ್ಟಿ ನೋಡಮ್ಮ, ಒಣಗಿದ್ರೆ ಒಂದು ಲೋಟ ಉಯ್ಯಿ. ಮೇಷ್ಟ್ರು ಇದರ ತಾವ ಬರೋದು ಬ್ಯಾಡ. ಕೈ ಸುಮ್ಕಿರದಿದ್ರೆ ಬೀದಿ ಬೇವಿನ ಮರಕ್ಕೆ ಉಯ್ಕೊಳ್ಲಿ" ಎಂದರು.

ಅವರ ಹಿತ್ತಿಲನ್ನು ನಾನು ಕಂಡಿದ್ದೇನೆ. ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಹಳೇ ಟೈರು, ಎಲ್ಲದರಲ್ಲೂ ಕ್ರೋಟನ್ನು, ಮಲ್ಲಿಗೆ, ನಂದಿಬಟ್ಟಲು. ಎಲ್ಲವೂ ಹಾಲು ಹಾಕುವ ಮನೆಗಳಲ್ಲಿ ಬೇಡಿ ತಂದ ಕಡ್ಡಿಗಳೇ. ಓದಿದ್ದು ಮೂರನೇ ಕ್ಲಾಸು. ಆ ಬೆರಳುಗಳಿಗೆ ಮಣ್ಣಿನ ತೇವ ಗೊತ್ತಾಗುವಷ್ಟು ನನಗೆ ನನ್ನ ಪಠ್ಯಪುಸ್ತಕ ಗೊತ್ತಿಲ್ಲ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ.

ಒಂದೂವರೆ ತಿಂಗಳು ನಾನು ಬೇವಿನ ಮರಕ್ಕೆ ನೀರು ಹೊಯ್ದೆ. ಕಡ್ಡಿ ಎರಡೆಲೆ ಬಿಟ್ಟಿತು. ಈ ವರ್ಷ ಮಳೆ ಶುರುವಾದ ಮೇಲೆ ಹೂವೂ ಬಿಟ್ಟಿತು, ಅದೇ ಅರಿಶಿನ ಬಣ್ಣ. ವಿಮಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಯಿತು.

ಈಗ ಮನೆಗೆ ಬಂದವರನ್ನೆಲ್ಲ ಅವಳು ಕುಂಡದ ಬಳಿ ಕರೆದೊಯ್ದು, "ನಮ್ಮನೆಯವರು ಮುಟ್ಟದೇ ಬೆಳೆಸಿದ ಗಿಡ" ಎಂದು ಪರಿಚಯಿಸುತ್ತಾಳೆ. ಹೊಗಳಿಕೆಯೆಂದೇ ತಿಳಿದು ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ವಿನಯದಿಂದ ನಿಲ್ಲುತ್ತೇನೆ.