ಬನ್ನೂರಿನ ಮೋಟಾರು ಮತ್ತು ಮಗಳ ಪ್ರಾಯೋಗಿಕ ಪರೀಕ್ಷೆ

ಪ್ರಪಂಚದ ಯಾವ ಸಮಸ್ಯೆಯನ್ನಾದರೂ ಒಂದು ಪರೀಕ್ಷೆ ಇಟ್ಟು ಬಗೆಹರಿಸಬಹುದು ಎಂಬುದು ನನ್ನ ನಂಬಿಕೆಯಾಗಿತ್ತು. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಇನ್ನೆಂಥ ನಂಬಿಕೆ ಬಂದೀತು?

ಹಾಗಾಗಿ ಶನಿವಾರ ಸಂಜೆ ಮಗಳು ಚಂದನಾ ಮುಖ ಸಣ್ಣ ಮಾಡಿಕೊಂಡು ಬಂದಾಗ ನಾನು ಗಾಬರಿಯಾಗಲಿಲ್ಲ. "ಅಪ್ಪಾ, ಇಂಜಿನಿಯರಿಂಗ್ ನನಗೆ ಒಗ್ಗುತ್ತೋ ಇಲ್ವೋ ಗೊತ್ತಾಗ್ತಿಲ್ಲ. ಫ್ರೆಂಡ್ಸೆಲ್ಲ ಹೋಗ್ತಿದ್ದಾರೆ ಅಂತ ನಾನೂ ಹೋಗ್ಲಾ? ಸೋಮವಾರದೊಳಗೆ ಸಿಇಟಿ ಆಪ್ಷನ್ ಹಾಕ್ಬೇಕು," ಎಂದಳು.

ಅಷ್ಟರಲ್ಲಿ ಬನ್ನೂರಿನ ಹತ್ತಿರದ ಹಳ್ಳಿಯಿಂದ ಬಾಮೈದ ಮಾದೇವುವಿನ ಫೋನು. "ಬಾವ, ಬಾವಿ ಮೋಟ್ರು ಓಡ್ತದೆ, ನೀರು ಮಾತ್ರ ಬತ್ತಾ ಇಲ್ಲ. ಭತ್ತದ ಸಸಿ ಒಟ್ಲು ಒಣಗ್ತಾ ಅದೆ. ಮೆಕ್ಯಾನಿಕ್ಕು ಮಂಗಳವಾರ ಬತ್ತೀನಿ ಅಂತಾವ್ನೆ."

ಪ್ರಶ್ನೆಪತ್ರಿಕೆ ತಾನಾಗಿಯೇ ಮನೆಗೆ ಬಂದಿತ್ತು!

"ನಾಳೆ ಚಂದನಾಗೆ ಪ್ರಾಯೋಗಿಕ ಪರೀಕ್ಷೆ," ಎಂದು ಘೋಷಿಸಿದೆ. "ಇಪ್ಪತ್ತೈದು ಅಂಕ. ನಾನೇ ಪರೀಕ್ಷಕ. ಪಾಸಾದರೆ ಇಂಜಿನಿಯರಿಂಗ್, ಫೇಲಾದರೆ ಬಿಎಸ್ಸಿ."

"ರೀ, ಬಚ್ಚಲುಮನೆ ನಲ್ಲಿ ಸೋರ್ತಾ ಮೂರು ತಿಂಗಳಾಯ್ತು," ಎಂದಳು ಹೆಂಡತಿ ಸರೋಜ. ವಿಷಯಾಂತರ ಮಾಡುವುದು ಅವಳ ಹಳೆಯ ಅಭ್ಯಾಸ.

ಭಾನುವಾರ ನಾನು ಬಿಳಿ ಶರಟು ತೊಟ್ಟು, ಹೊಸ ಸ್ಕ್ರೂಡ್ರೈವರೊಂದನ್ನು ಜೇಬಿಗೆ ಸಿಕ್ಕಿಸಿ, ಹೆಂಡತಿ ಮಗಳ ಸಮೇತ ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಪರೀಕ್ಷಾ ಕೇಂದ್ರ ತಲುಪಿದೆ. ಗದ್ದೆಯ ಬಾವಿಯ ಪಕ್ಕದಲ್ಲಿ ಮೋಟಾರು ಗುಂಯ್ ಎನ್ನುತ್ತಿತ್ತು. ಪೈಪಿನ ಬಾಯಲ್ಲಿ ಹನಿ ನೀರಿಲ್ಲ.

"ಗುರುವಾರ ಕೊಂಬೆ ಬಿದ್ದು ಕರೆಂಟ್ ಲೈನು ಕಿತ್ತೋಗಿತ್ತು. ಶುಕ್ರವಾರ ಬಂದು ಕಟ್ಟುದ್ರು. ಅವಾಗ್ಲಿಂದ ಇಂಗೇಯ," ಎಂದ ಮಾದೇವು. "ಎರಡು ಗಂಟೆಗೆ ತ್ರೀ ಫೇಸ್ ಕರೆಂಟು ಓಯ್ತದೆ ಬಾವ, ಬಿರ್ರನೆ ನೋಡಿ."

ಕೊಂಬೆಗೂ ನೀರಿಗೂ ಏನು ಸಂಬಂಧ? ಪ್ರಶ್ನೆಗೆ ಸಂಬಂಧಿಸದ ಉತ್ತರಕ್ಕೆ ನಾನು ಅಂಕ ಕೊಡುವವನಲ್ಲ.

ಚಂದನಾ ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸುಮ್ಮನೆ ನೋಡತೊಡಗಿದಳು. ಎರಡು ನಿಮಿಷ ಕಾದೆ. ಮೂರನೆಯ ನಿಮಿಷಕ್ಕೆ ಪರೀಕ್ಷಕನಿಗೆ ತಡೆಯಲಾಗಲಿಲ್ಲ.

"ಪಂಪಿನಲ್ಲಿ ಗಾಳಿ ಸೇರಿದೆ, ಸಗಣಿ ನೀರು ಹುಯ್ಯಬೇಕು," ಎಂದೆ. ನಮ್ಮ ಕಡೆ ಇದು ಎಲ್ಲರೂ ಮಾಡುವ ವೈದ್ಯ. ಸಣ್ಣಪುಟ್ಟ ಸೋರಿಕೆಗೆ ಸಗಣಿ ಮೆತ್ತಿಕೊಂಡು ಗಾಳಿ ಹೊರಗೆ ಹೋಗುತ್ತದೆ. ಮೋಟಾರು ನಿಲ್ಲಿಸಿ ಪಂಪಿನ ಮೇಲಿನ ಬಿರಡೆ ಬಿಚ್ಚಿ ಒಂದು ಬಕೆಟ್ ಹುಯ್ದೆವು. ನೀರು ಬರಲಿಲ್ಲ. ನಾಲ್ಕು ಬಕೆಟ್ ಹುಯ್ದೆವು. ಮಾದೇವುವಿನ ಕೊಟ್ಟಿಗೆಯೇ ಖಾಲಿಯಾಯಿತು.

"ಅಪ್ಪಾ, ಒಂದು ನಿಮಿಷ..." ಎಂದಳು ಚಂದನಾ.

"ಪರೀಕ್ಷಾರ್ಥಿಗಳು ಮಾತಾಡಬಾರದು."

ಇನ್ನೂ ಗಾಳಿ ಉಳಿದಿರಬೇಕೆಂದು, ಈ ಸಲ ಮೋಟಾರು ಓಡುತ್ತಿರುವಾಗಲೇ ಬಗ್ಗಿ ಬಿರಡೆ ಸಡಿಲಿಸಿದೆ. ಗಾಳಿ ಬರಲಿಲ್ಲ. ಒಳಗಿದ್ದ ಸಗಣಿ ನೀರು ನನ್ನ ಮುಖಕ್ಕೂ ಶರಟಿಗೂ ಬಂತು. ಬೆಚ್ಚಿ ಹಿಂದೆ ಸರಿದಾಗ ಸ್ಕ್ರೂಡ್ರೈವರು ಜೇಬಿನಿಂದ ಜಾರಿ ಬಾವಿ ಸೇರಿತು. ಬುಳುಕ್ ಎಂಬ ಸದ್ದು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಆಗ ಗಂಟೆ ಒಂದೂವರೆ. ಮಾದೇವು ಒಟ್ಲಿನ ಕಡೆ ನೋಡಿದ. ಸಸಿಗಳ ತುದಿಗಳು ಹಳದಿಯಾಗಿದ್ದವು. ನನಗೆ ಮೊದಲ ಬಾರಿಗೆ ನಾಚಿಕೆಯಾಯಿತು.

"ಅಪ್ಪಾ, ಈಗ ಮಾತಾಡ್ಬಹುದಾ?" ಎಂದಳು ಚಂದನಾ. "ಪಂಪಿನ ಮೇಲೆ ಬಾಣದ ಗುರುತಿದೆ ನೋಡಿ. ಮೋಟ್ರು ಅದಕ್ಕೆ ಉಲ್ಟಾ ತಿರುಗ್ತಿದೆ. ಲೈನು ಕಟ್ಟುವಾಗ ವೈರು ಅದಲು ಬದಲಾಗಿರತ್ತೆ. ಮೂರರಲ್ಲಿ ಯಾವುದಾದ್ರೂ ಎರಡು ವೈರು ಬದಲಾಯಿಸಿದ್ರೆ ಸರಿಹೋಗುತ್ತೆ. ಫೋನಲ್ಲೂ ನೋಡ್ದೆ."

"ಮೊದಲೇ ಹೇಳಬಾರದಿತ್ತೇ?" ಎಂದೆ. ಮೂವರೂ ನನ್ನನ್ನೇ ನೋಡಿದರು. ಪ್ರಶ್ನೆಯನ್ನು ಹಿಂದಕ್ಕೆ ಪಡೆದೆ.

ಮಾದೇವು ಮೋಟಾರು ನಿಲ್ಲಿಸಿ, ಪಂಪಿಗೆ ಮತ್ತೆ ನೀರು ತುಂಬಿ ಬಿರಡೆ ಬಿಗಿದು, ಫ್ಯೂಸುಗಳನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಸರೋಜ ಬುತ್ತಿಯ ಚಮಚ ಕೊಟ್ಟಳು. ಚಂದನಾ ಚಮಚದ ಹಿಡಿಯಿಂದ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಸ್ಕ್ರೂ ತಿರುಗಿಸಿ ಎರಡು ವೈರು ಬದಲಾಯಿಸಿದಳು. ಫ್ಯೂಸು ಹಾಕಿ ಸ್ವಿಚ್ಚು ಒತ್ತಿದಾಗ ಪೈಪು ಒಮ್ಮೆ ಕೆಮ್ಮಿತು. ಮೊದಲು ನನ್ನ ಸಗಣಿ ಬಂತು. ಆಮೇಲೆ ನೀರು ಬಂತು.

ನೀರು ಒಟ್ಲು ಮುಟ್ಟುವವರೆಗೂ ಚಂದನಾ ಬದುವಿನ ಮೇಲೆ ಅದರ ಜೊತೆಯಲ್ಲೇ ನಡೆದಳು. ವಾಪಸ್ಸು ಬರುವಾಗ ಅವಳ ಮುಖದಲ್ಲಿ ನಿನ್ನೆಯ ಸಂಕಟವಿರಲಿಲ್ಲ. "ಅಪ್ಪಾ, ಗೊತ್ತಾಗೋವರೆಗೂ ತಲೆ ಕೆಟ್ಟೋಗಿತ್ತು. ಆದ್ರೂ ಎದ್ದು ಹೋಗ್ಬೇಕು ಅನ್ನಿಸ್ಲಿಲ್ಲ. ಇದನ್ನೇ ಓದ್ತೀನಿ," ಎಂದಳು. ಫ್ರೆಂಡ್ಸ್ ಹೆಸರೇ ಎತ್ತಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಸಗಣಿಯ ಕಾರಣದಿಂದ ಅದು ಯಾರಿಗೂ ಕಾಣಲಿಲ್ಲ.

"ಇಪ್ಪತ್ತೈದಕ್ಕೆ ಇಪ್ಪತ್ತೈದು," ಎಂದೆ, ಆದಷ್ಟು ಗಂಭೀರವಾಗಿ.

"ನಿಮಗೆಷ್ಟು?" ಎಂದಳು ಸರೋಜ.

ಮರುಪರೀಕ್ಷೆಗೆ ಅವಕಾಶ ಬೇಕೆಂದು ವಿನಂತಿಸಿಕೊಂಡೆ. ಕೂಡಲೇ ಮಂಜೂರಾಯಿತು. ಪರೀಕ್ಷಾ ಕೇಂದ್ರ ನಮ್ಮ ಬಚ್ಚಲುಮನೆ. ನಲ್ಲಿ ಇನ್ನೂ ಸೋರುತ್ತಿದೆ. ಮಗಳು ಮೊದಲ ಸೆಮಿಸ್ಟರಿನ ರಜೆಗೆ ಬರುವುದನ್ನೇ ಕಾಯುತ್ತಿದ್ದೇನೆ.