ಕತ್ತರಿಯಣ್ಣ ಗುಂಡಿಗೆ ಬಿದ್ದದ್ದು

ಕತ್ತರಿಯಣ್ಣನ ಮೌಸಿನ ಗುಂಡಿ ಸತ್ತದ್ದು ಸರಿಯಾಗಿ ಶತ್ರುಗಳು ಕೋಟೆಯ ಬಾಗಿಲು ಒಡೆಯುತ್ತಿದ್ದ ಹೊತ್ತಿನಲ್ಲಿ. ಅವನು ದಿನಾ ಸಂಜೆ ಆಡುವ ಆನ್‌ಲೈನ್ ಆಟದಲ್ಲಿ ಅವನದು ವೈದ್ಯನ ಪಾತ್ರ. ಪಡೆಯವರು ಏಟು ತಿಂದಾಗಲೆಲ್ಲ ಗುಂಡಿ ಒತ್ತಿ ಮದ್ದು ಕೊಡಬೇಕು. ಅವನು ಒತ್ತಿದ, ಮತ್ತೆ ಒತ್ತಿದ, ಮೌಸನ್ನು ಮೇಜಿಗೆ ಕುಟ್ಟಿ ಒತ್ತಿದ. ಮದ್ದು ಹೊರಡಲೇ ಇಲ್ಲ. ಪಡೆ ಪೂರ್ತಿ ಅಂಗಾತ ಬಿತ್ತು.

"ಏನ್ರೀ ಡಾಕ್ಟ್ರೇ, ತಿಥಿಗೆ ಔಷಧಿ ತರೋಣ ಅಂತಿದ್ರಾ?" ಎಂದು ಹೆಡ್‌ಫೋನಿನಲ್ಲಿ ದಳಪತಿಯ ದನಿ ಗುಡುಗಿತು. ಈ ದಳಪತಿಯನ್ನು ಕತ್ತರಿಯಣ್ಣ ಒಮ್ಮೆಯೂ ಕಣ್ಣಲ್ಲಿ ಕಂಡಿರಲಿಲ್ಲ, ಆದರೂ ದನಿ ಕೇಳಿದರೆ ಸಾಕು ಎದ್ದು ನಿಲ್ಲುತ್ತಿದ್ದ. "ನಾಳೆ ಸಂಜೆ ಫೈನಲ್. ಪಕ್ಕದಲ್ಲಿ ಗುಂಡಿಗಳಿರೋ ಮೌಸ್ ಬರುತ್ತಲ್ಲ, ಅದನ್ನ ತಗೊಂಡು ಬನ್ನಿ. ಇಲ್ಲಾಂದ್ರೆ ನಾವು ಬೇರೆ ಡಾಕ್ಟ್ರನ್ನ ನೋಡ್ಕೋತೀವಿ."

ಕತ್ತರಿಯಣ್ಣನಿಗೆ ನಿದ್ದೆ ಹಾರಿತು. ಹಗಲೆಲ್ಲ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ "ತೋಳು ಉದ್ದ ಆಯ್ತು, ಸೊಂಟ ಬಿಗಿ ಆಯ್ತು" ಎಂದು ಬೈಸಿಕೊಳ್ಳುವ ಮನುಷ್ಯನನ್ನು "ಡಾಕ್ಟ್ರೇ" ಎಂದು ಕರೆಯುವ ಜಾಗ ಜಗತ್ತಿನಲ್ಲಿ ಅದೊಂದೇ. ಅಲ್ಲಿಂದಲೂ ಹೊರಗೆ ಹಾಕಿಸಿಕೊಂಡರೆ ಬದುಕಿದ್ದೇನು ಸುಖ?

ಬೆಳಿಗ್ಗೆ ಅವನು ಸತ್ತ ಮೌಸನ್ನು ಹಿಡಿದು ಕೂತಿದ್ದಾಗ ಅತ್ತೆ ಬಂದರು. ಹೆಂಡತಿಯ ತಾಯಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರ ಮಾತನ್ನೆಲ್ಲ ಜೋಡಿಸಿ ನಿವೃತ್ತರಾದವರು. ದಿನಾ ಸಂಜೆ ಅಳಿಯನ ಕುರ್ಚಿಯ ಹಿಂದೆ ಸ್ವೆಟರ್ ಹೆಣೆಯುತ್ತ ಕೂತು, "ಆ ದಪ್ಪಗಿರೋನಿಗೆ ಮೊದಲು ಕೊಡಿ, ಪಾಪ, ರಕ್ತ ಸೋರ್ತಿದೆ" ಎಂದು ಆಟ ಕಲಿಸಿಕೊಡುವುದು ಅವರ ರೂಢಿ.

"ಹೊಸದು ತಗೊಳ್ಳೋದಾದ್ರೆ ಗುಂಡಿ ಜಾಸ್ತಿ ಇರೋದನ್ನೇ ತಗೊಳ್ಳಿ ಅಳಿಯಂದಿರೇ. ಕೈತುಂಬಾ ಗುಂಡಿ ಇದ್ರೆ ಕೆಲಸ ತಾನಾಗೇ ಓಡುತ್ತೆ. ನನ್ನ ಬೋರ್ಡಿನ ಮುಂದೆ ಕೂತ್ರೆ ನಾನು ಕಣ್ಣು ಬಿಟ್ಟು ನೋಡ್ತಾನೇ ಇರಲಿಲ್ಲ."

"ಎರಡು ಗುಂಡಿ ಇರೋದು ಸಾಕಲ್ವಾ ಅತ್ತೆ?"

"ಎರಡು ಗುಂಡಿ ಅಂಗಿಯ ಕಫ್ಫಿಗೆ ಸಾಕು."

ಅತ್ತೆಯ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದಂತೆ ಅವನು ಅಂಗಡಿಗೆ ಬಂದ. ಬಂದವನಿಗೆ ಕಂಡದ್ದು, ಇಸ್ತ್ರಿಯವನು ಅವನ ಕತ್ತರಿಯಿಂದ ದಾರ ಕತ್ತರಿಸಲು ಹೆಣಗುತ್ತಿದ್ದ ದೃಶ್ಯ. ಕತ್ತರಿಯಣ್ಣನ ಹೆಸರು ಬಂದದ್ದೇ ಆ ಕತ್ತರಿಯಿಂದ. ಎಡಗೈಯವರಿಗೆಂದೇ ಮಾಡಿದ್ದು, ಹುಡುಕಿ ಹುಡುಕಿ ತರಿಸಿದ್ದು. ಅದಕ್ಕೊಂದು ಬಟ್ಟೆಯ ಚೀಲ, ಚೀಲಕ್ಕೊಂದು ಲಾಡಿ.

"ಇಡ್ರೀ ಕೆಳಗೆ!" ಎಂದು ಕೂಗಿ ಅದನ್ನು ಕಿತ್ತುಕೊಂಡ. "ಇದು ನನ್ನ ಕೈಗೆ ಪಳಗಿದ್ದು. ಬೇರೆಯವರು ಮುಟ್ಟಿದ್ರೆ ಇದರ ಕೈ ಕೆಟ್ಟುಹೋಗುತ್ತೆ!"

"ಕತ್ತರಿಗೆಲ್ಲಿಯ ಕೈ ಮಾರಾಯ?" ಎಂದು ಇಸ್ತ್ರಿಯವನು ಗೊಣಗಿದ. ಕತ್ತರಿಯಣ್ಣ ಲಾಡಿ ಬಿಗಿದು ಕಟ್ಟಿದ.

ಮೌಸಿನ ಸುದ್ದಿ ಬಾಯಿಬಿಟ್ಟದ್ದು ಅವನದೇ ತಪ್ಪು. ಟೈಲರ್ ಅಂಗಡಿಯಲ್ಲಿ ಗುಂಡಿ ಎಂಬ ಮಾತು ಎತ್ತಿದರೆ ಅಭಿಪ್ರಾಯವಿಲ್ಲದವರು ಯಾರಿದ್ದಾರೆ? ಗುಂಡಿ ಹೆಚ್ಚಾದಷ್ಟೂ ಕಿತ್ತುಬರುವುದೂ ಹೆಚ್ಚು ಎಂದು ಇಸ್ತ್ರಿಯವನು ಹೆದರಿಸಿದ. ಅಂಗಿಗೆ ಗುಂಡಿ ಹಚ್ಚಿ, ಗುಂಡಿ ತೂರುವ ಕಾಜಾ ಹೊಲಿಯುವ ಕಾಜಕ್ಕ, "ಎಷ್ಟು ತೂತಿಂದು ಅಂತ ಕೇಳಿ ತಗೊಳ್ಳಣ್ಣ. ಎರಡು ತೂತಿಂದು ಬೇಗ ಉದುರುತ್ತೆ, ನಾಲ್ಕು ತೂತಿಂದೇ ಗಟ್ಟಿ," ಎಂದಳು. ಅಂಗಡಿಯ ಮಾಲೀಕರಾದ ಮಾಸ್ತರು ಮಾತ್ರ ಕನ್ನಡಕದ ಮೇಲಿಂದ ನೋಡಿ, "ಗುಂಡಿ ಒತ್ತೋಕೆ ಮನೆಗೆ ಹೋಗಿ. ಇಲ್ಲಿ ಗುಂಡಿ ಹಾಕೋ ಕೆಲಸ ನೋಡಿ," ಎಂದರು.

ಅಂದು ಮುಗಿಯಬೇಕಾಗಿದ್ದದ್ದು ಬ್ಯಾಂಡ್ ಮೇಳದ ಯಜಮಾನರ ಕೆಂಪು ಕೋಟು. ಕತ್ತರಿಯಣ್ಣ ಕತ್ತರಿಸಿದ್ದ, ಮಾಸ್ತರು ಹೊಲಿದಿದ್ದರು, ಗುಂಡಿ ಮಾತ್ರ ಬಾಕಿ. ಮಧ್ಯಾಹ್ನ ಮಾಸ್ತರು ಊಟಕ್ಕೆ ಹೋದದ್ದೇ ತಡ, ಕತ್ತರಿಯಣ್ಣ ಫೋನಿನಲ್ಲಿ ಮೌಸುಗಳ ಚಿತ್ರ ನೋಡುತ್ತ ಕೂತ. ಒಂದಕ್ಕಿಂತ ಒಂದು ಚೆಲುವು! ಕೊನೆಗೆ ಒಂದು ಕಂಡಿತು ನೋಡಿ: ಪಕ್ಕೆಯ ಮೇಲೆ ಹನ್ನೆರಡು ಗುಂಡಿ, ಒಂದೊಂದರಲ್ಲೂ ಹಸಿರು ಬೆಳಕು. ತಲೆನೋವಿಗೊಂದು, ಮೂಳೆಮುರಿತಕ್ಕೊಂದು, ಹೋದ ಜೀವ ತರಲು ಒಂದು! ಅವನ ಎದೆ ಹೊಲಿಗೆ ಯಂತ್ರದಂತೆ ಟಕಟಕ ಹೊಡೆದುಕೊಂಡಿತು.

"ಅಣ್ಣಾ, ಎಷ್ಟು ಗುಂಡಿ?" ಎಂದು ಕಾಜಕ್ಕ ಕೇಳಿದಳು.

"ಹನ್ನೆರಡು."

"ಹನ್ನೆರಡಾ! ಎಲ್ಲಿಗೆ?"

"ಎಲ್ಲಾ ಎಡಗಡೆಗೆ. ಹೆಬ್ಬೆರಳು ಇಟ್ರೆ ಸಾಕು, ಸಿಗೋ ಹಾಗೆ."

"ಬಲಗಡೆಗೆ?"

"ಬಲಗಡೆ ಯಾರಿಗೆ ಬೇಕು? ಖಾಲಿ ಇರುತ್ತೆ ಬಿಡಿ."

"ಈಗಿನ ಫ್ಯಾಷನ್ನು ದೇವರಿಗೇ ಪ್ರೀತಿ," ಎಂದು ಕಾಜಕ್ಕ ಸೂಜಿಗೆ ದಾರ ಪೋಣಿಸಿದಳು.

ಊಟ ಮುಗಿಸಿ ಬಂದ ಮಾಸ್ತರು ಕೋಟನ್ನು ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಡಗಡೆ ಹಿತ್ತಾಳೆಯ ಗುಂಡಿಗಳು ಹೆಗಲಿನಿಂದ ಕೆಳ ಅಂಚಿನ ತನಕ ಸಾಲುಗಟ್ಟಿ ನಿಂತಿದ್ದವು. ಬಲಗಡೆ ಬೋಳು. ಅವರ ಮುಖ ಕೋಟಿನ ಬಣ್ಣಕ್ಕೆ ತಿರುಗಿತು.

"ಯಾರ್ರೀ ಇದು ಹೇಳಿದ್ದು?"

ಕಾಜಕ್ಕ ಬೆರಳು ತೋರಿಸಿದಳು. ಕತ್ತರಿಯಣ್ಣ ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಬಿಚ್ಚಿದ್ರೆ ಬಟ್ಟೆಯೆಲ್ಲ ತೂತು. ನೀವೇ ತಗೊಂಡು ಹೋಗಿ. ಯಜಮಾನರು ಏನು ಬೈತಾರೋ ನಿಂತು ಕೇಳಿಸಿಕೊಂಡು ಬನ್ನಿ. ಒಂದು ಸುಕ್ಕು ಬೀಳಿಸಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ!"

ಬೆಲೆಬಾಳುವುದನ್ನೆಲ್ಲ ತಾನು ನಂಬಿದ ಕೈಗೇ ಒಪ್ಪಿಸುವುದು ಕತ್ತರಿಯಣ್ಣನ ಅಭ್ಯಾಸ. ತಿದ್ದಬೇಕಾಗಿ ಬಂದರೆ ಇರಲಿ ಎಂದು ಕತ್ತರಿಯ ಚೀಲವನ್ನು ಹೆಗಲಿಗೂ ಮಿಕ್ಕ ಗುಂಡಿಗಳನ್ನು ಜೇಬಿಗೂ ಹಾಕಿಕೊಂಡ. ಎಡಗೈಯನ್ನು ಬಟ್ಟೆಯ ಹಲಗೆಯಂತೆ ನೀಟಾಗಿ ಮಡಿಸಿ, ಅದರ ಮೇಲೆ ಕೋಟು ಹಾಸಿಕೊಂಡು, ಬಸ್ಸಿನ ನೂಕುನುಗ್ಗಲಿಗೆ ಹೆದರಿ ನಡೆದೇ ಹೋದ. ಬ್ಯಾಂಡ್ ಯಜಮಾನರು ಡೋಲಿನಷ್ಟೇ ದುಂಡಗಿನ ಮನುಷ್ಯ. ಕೋಟನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಕತ್ತರಿಯಣ್ಣ ಕಣ್ಣು ಮುಚ್ಚಿಕೊಂಡ.

"ಅಬ್ಬಾ!" ಎಂದರು ಯಜಮಾನರು. "ಇಷ್ಟು ವರ್ಷದಲ್ಲಿ ಇಂಥ ಕೋಟು ಹಾಕಿಲ್ಲ ಕಣ್ರೀ! ಏನು ಥಳುಕು, ಏನು ಗತ್ತು! ಒಂದು ಕೆಲಸ ಮಾಡಿ, ಬಲಗಡೆಗೂ ಹೀಗೇ ಹನ್ನೆರಡು ಹಾಕ್ಕೊಂಡು ಬನ್ನಿ. ನಾಳೆ ಬೆಳಿಗ್ಗೆ ಮೆರವಣಿಗೆ ಇದೆ!"

ಕತ್ತರಿಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂದು ಮುಟ್ಟಿದ್ದೆಲ್ಲ ಚಿನ್ನ! ಕೋಟನ್ನು ಮತ್ತೆ ಎಡಗೈ ಮೇಲೆ ಹಾಸಿಕೊಂಡು ಸೀದಾ ಕಂಪ್ಯೂಟರ್ ಅಂಗಡಿಗೆ ನುಗ್ಗಿದ.

ಅಂಗಡಿಯಾತ ಗಾಜಿನ ಮೇಜಿನ ಮೇಲೆ ಮೌಸುಗಳನ್ನು ಸಾಲಾಗಿ ಜೋಡಿಸಿದ. "ಕೋಟು ಕೆಳಗಿಡಿ ಸಾರ್, ಆರಾಮಾಗಿ ನೋಡಿ."

"ಇಲ್ಲಪ್ಪ, ಸುಕ್ಕಾದ್ರೆ ನನ್ನ ಕಥೆ ಮುಗೀತು," ಎಂದು ಕತ್ತರಿಯಣ್ಣ ಕೋಟಿನ ತುದಿಯನ್ನು ಮೇಜಿನ ಮೂಲೆಯಲ್ಲಿದ್ದ ಡಬ್ಬಿಗಳ ಮೇಲೆ ಜೋಪಾನವಾಗಿ ಹರಡಿದ. ಖಾಲಿ ಇದ್ದ ಕೈಯಿಂದ ಒಂದೊಂದೇ ಮೌಸನ್ನು ಮುಟ್ಟಿ ನೋಡಿದ. ಒಂದು ಸೋಪಿನ ಹಾಗೆ ಜಾರಿತು. ಇನ್ನೊಂದು ಆಲೂಗಡ್ಡೆಯ ಹಾಗೆ ದಪ್ಪ. ಮೂರನೆಯದು ಅದೇ, ಹನ್ನೆರಡು ಗುಂಡಿಯದು. ಅಂಗೈ ಇಟ್ಟ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು! ಹೆಬ್ಬೆರಳು ಮೂರು ಸಾಲುಗಳ ಮೇಲೆ ತಾನಾಗಿ ಓಡಾಡಿತು. ಟಿಕ್, ಟಿಕ್, ಟಿಕ್. ಆ ಸದ್ದಿಗೆ ಅವನ ಮೈ ಜುಂ ಎಂದಿತು.

"ಇಷ್ಟು ಗುಂಡಿ ನೆನಪಿರುತ್ತಾ ಸಾರ್?" ಎಂದ ಅಂಗಡಿಯಾತ.

"ನನ್ನ ಜೀವನವೇ ಗುಂಡಿಗಳ ನಡುವೆ ಕಣಪ್ಪ," ಎಂದು ಕತ್ತರಿಯಣ್ಣ ಎದೆಯುಬ್ಬಿಸಿದ. "ಕಟ್ಟಿಬಿಡು."

"ಡಬ್ಬಿ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ ಸಾರ್."

"ವಾಪಸ್ಸಾ? ನನ್ನ ಕೈಯಿಂದ ಇದನ್ನ ಯಾರಾದ್ರೂ ಕಿತ್ಕೊಳ್ಳಲಿ ನೋಡೋಣ!"

ಮನೆಗೆ ಬಂದಾಗ ಫೈನಲ್ ಶುರುವಾಗುವ ಹೊತ್ತು. ಕೋಟನ್ನು ಗೂಟಕ್ಕೆ ನೇತುಹಾಕಿ, ಕತ್ತರಿಯ ಚೀಲವನ್ನು ಮೇಜಿನ ಮೇಲಿಟ್ಟು, ಡಬ್ಬಿ ಹರಿದು, ತಂತಿ ಸಿಕ್ಕಿಸಿದ. ಹಸಿರು ಬೆಳಕು ಹತ್ತಿತು. ಕುರ್ಚಿಯ ಹಿಂದೆ ಅತ್ತೆ ಸ್ವೆಟರನ್ನು ಮಡಿಲಲ್ಲಿಟ್ಟು ಕತ್ತು ಉದ್ದ ಮಾಡಿದರು. ಹೆಡ್‌ಫೋನಿನಲ್ಲಿ ದಳಪತಿ, "ಡಾಕ್ಟ್ರೇ, ಗುಂಡಿ ಬಂತಾ?" ಎಂದ.

"ಬಂತು ಸ್ವಾಮಿ! ಇವತ್ತು ಯಾರನ್ನೂ ಸಾಯೋಕೆ ಬಿಡಲ್ಲ!" ಎಂದು ಕೂಗಿ ಕತ್ತರಿಯಣ್ಣ ಮೌಸಿನ ಮೇಲೆ ಕೈಯಿಟ್ಟ.

ಹೆಬ್ಬೆರಳಿಗೆ ಏನೂ ಸಿಗಲಿಲ್ಲ.

ಅವನು ಮೌಸಿನ ಮೈ ತಡವಿದ. ನುಣುಪು, ಬರೀ ನುಣುಪು. ಹನ್ನೆರಡು ಗುಂಡಿಗಳೂ ಆಚೆ ಬದಿಗೆ ಕಿರುಬೆರಳಿನ ಕೆಳಗೆ ಹೋಗಿ ಕೂತಿದ್ದವು. ಅಂಗಡಿಯಲ್ಲಿ ಇದ್ದ ಜಾಗ ಬಿಟ್ಟು ಇವು ದಾರಿಯಲ್ಲಿ ನಡೆದುಹೋದವೇ? ಅಷ್ಟರಲ್ಲಿ ಯುದ್ಧ ಶುರುವಾಯಿತು. ಕಿರುಬೆರಳಿನಿಂದ ಒಂದನ್ನು ಒತ್ತಲು ಹೋದರೆ ನಾಲ್ಕು ಒಟ್ಟಿಗೆ ಒತ್ತಿಹೋಗಿ, ವೈದ್ಯ ಮದ್ದು ಕೊಡುವ ಬದಲು ಕೋಟೆಯ ಗೋಡೆಯ ಮೇಲೆ ಕುಣಿಯತೊಡಗಿದ.

"ಏನ್ರೀ ಅದು! ಇಲ್ಲಿ ಸಾಯ್ತಾ ಇದೀವಿ, ನೀವು ಡ್ಯಾನ್ಸ್ ಮಾಡ್ತೀರಾ?" ಎಂದು ದಳಪತಿ ಕಿರುಚಿದ.

ಆಗ ಕೆಲಸದಿಂದ ಬಂದ ಹೆಂಡತಿ, ಹೆಗಲಿನ ಚೀಲವನ್ನೂ ಇಳಿಸದೆ ಒಂದು ಕ್ಷಣ ನಿಂತು ನೋಡಿದಳು. "ರೀ," ಎಂದಳು, "ನೀವು ಎಡಚರಲ್ವಾ?"

ಕತ್ತರಿಯಣ್ಣ ತನ್ನ ಎಡಗೈಯನ್ನು ನೋಡಿದ, ಬಲಗೈಯನ್ನು ನೋಡಿದ, ಗೂಟದ ಮೇಲಿದ್ದ ಕೋಟನ್ನು ನೋಡಿದ. ಅಂಗಡಿಯಲ್ಲಿ ಎಡಗೈ ಕೋಟು ಹೊತ್ತಿತ್ತು, ಮೌಸು ಹಿಡಿದು ನೋಡಿದ್ದು ಬಲಗೈ! ಹಳೆಯ ಮೌಸಿಗೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಯಾವ ಕೈಗೆ ಕೊಟ್ಟರೂ ಓಡುತ್ತಿತ್ತು. ಕತ್ತರಿಗೆ ಅಷ್ಟು ಜಂಬಪಡುವ ತಾನು ಮೌಸಿಗೂ ಕೈ ಉಂಟೆಂದು ಯೋಚಿಸಲೇ ಇಲ್ಲವಲ್ಲ! ಮೌಸನ್ನು ಬಲಗಡೆಗಿಟ್ಟು ಬಲಗೈ ಹಾಕಿ ನೋಡಿದ. ಗುಂಡಿಗಳೇನೋ ಸಿಕ್ಕವು, ಆದರೆ ಪರದೆಯ ಮೇಲಿನ ಬಾಣ ಕುಡಿದವನಂತೆ ತೂರಾಡಿ, ಮದ್ದು ನೇರವಾಗಿ ಶತ್ರುವಿನ ಸೇನಾಪತಿಗೆ ಹೋಯಿತು. ಅವನು ಗುಣವಾಗಿ ಎದ್ದು ಕೈಮುಗಿದ.

"ಏಳಿ ಅಳಿಯಂದಿರೇ," ಎಂದರು ಅತ್ತೆ.

"ಅತ್ತೆ, ಇದು ನಿಮಗೆ..."

"ಏಳಿ ಅಂದ್ನಲ್ಲ! ಆ ದಪ್ಪಗಿರೋನು ಸಾಯ್ತಾನೆ!"

ಅವರು ಕುರ್ಚಿಯಲ್ಲಿ ಕೂತರು, ಹೆಡ್‌ಫೋನನ್ನು ಹಳೆಯ ಅಭ್ಯಾಸದಂತೆ ಒಂದು ಕಿವಿಗೆ ಸಿಕ್ಕಿಸಿಕೊಂಡರು, ಬಲಗೈ ಇಟ್ಟರು. ಹೆಬ್ಬೆರಳು ಹನ್ನೆರಡು ಗುಂಡಿಗಳ ಮೇಲೆ ಓಡಿತು ನೋಡಿ! ಇವನಿಗೆ ಮದ್ದು, ಅವನಿಗೆ ಪಟ್ಟಿ, ಸತ್ತವನಿಗೆ ಜೀವ. ಯಾರನ್ನೂ ಕಾಯಿಸಲಿಲ್ಲ, ಯಾರ ಲೈನೂ ತಪ್ಪಲಿಲ್ಲ. ಕತ್ತರಿಯಣ್ಣ ತನ್ನ ಸಂಕಟವನ್ನೂ ಮರೆತು, "ಬಲಗಡೆ ಅತ್ತೆ! ಬಿಲ್ಲು ಹಿಡಿದೋನು!" ಎಂದು ಕುಣಿದ. ಹೆಂಡತಿ ಚೀಲ ಬಿಸಾಕಿ ಚಪ್ಪಾಳೆ ಹೊಡೆದಳು. ಕೋಟೆ ಉಳಿಯಿತು. ಫೈನಲ್ ಗೆದ್ದರು.

"ಡಾಕ್ಟ್ರೇ! ಏನು ಕೈ ರೀ ನಿಮ್ಮದು!" ಎಂದು ದಳಪತಿಯ ದನಿ ಗದ್ಗದವಾಯಿತು.

"ನಾನು ಡಾಕ್ಟ್ರಲ್ಲಪ್ಪ, ಅವರ ಅತ್ತೆ. ಲೈನಲ್ಲೇ ಇದ್ದಾರೆ, ಕೊಡ್ಲಾ?"

ಅತ್ತ ಕಡೆ ಪಡೆ ಪೂರ್ತಿ ಒಟ್ಟಿಗೆ ಮಾತಾಡಿತು. "ಬೇಡ ಅಮ್ಮ, ಬೇಡ! ಅವರಿಗೆ ವಿಶ್ರಾಂತಿ ಕೊಡಿ. ನಾಳೆಯಿಂದ ನೀವೇ ಬನ್ನಿ!"

ಕತ್ತರಿಯಣ್ಣ ಅಡುಗೆಮನೆಗೆ ಹೋಗಿ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದ. ಎಡಗೈಯವರದ್ದು ಒಂದು ಸಿಕ್ಕಿದರೆ ಕಾಲು ಹಿಡಿದಾದರೂ ಪಡೆಗೆ ಮತ್ತೆ ಸೇರಬಹುದು.

"ಎಡಗೈದು ಒಂದೇ ಒಂದಿತ್ತು ಸಾರ್," ಎಂದ ಅಂಗಡಿಯಾತ. "ನೀವು ಕೋಟು ಹರಡಿದ್ರಲ್ಲ, ಅದರ ಕೆಳಗಡೆ ಡಬ್ಬೀಲೇ ಇತ್ತು. ನೀವು ಕೋಟು ಎತ್ಕೊಂಡು ಹೋದ ತಕ್ಷಣ ಯಾರೋ ನೋಡಿ ತಗೊಂಡ್ರು."

ಅವನು ಕೋಟನ್ನು ಇಳಿಸಿಕೊಂಡು ಮೂಲೆಯಲ್ಲಿ ಕೂತ. ಬೆಳಿಗ್ಗೆಗೆ ಬಲಗಡೆಯ ಹನ್ನೆರಡು ಗುಂಡಿ ಆಗಲೇಬೇಕಿತ್ತು. ಮೊದಲನೆಯದನ್ನು ಹಚ್ಚಿ ಎಡಗೈಯನ್ನು ಕೋಟಿನ ಮೇಲಿಟ್ಟು ಸುಮ್ಮನೆ ನೋಡಿದ. ಹೆಬ್ಬೆರಳು ಸರಿಯಾಗಿ ಗುಂಡಿಯ ಮೇಲೆಯೇ ಕೂತಿತು. ಅವನಿಗೆ ಅಳು ಬಂತು.

ದಾರ ಕತ್ತರಿಸಲು ಕತ್ತರಿಯ ಚೀಲಕ್ಕೆ ಕೈ ಹಾಕಿದರೆ, ಕತ್ತರಿ ಬರಿಮೈಯಲ್ಲಿ ಮೇಜಿನ ಮೇಲೆ ಬಿದ್ದಿತ್ತು. ಚೀಲ ಅತ್ತೆಯ ಕೈಯಲ್ಲಿತ್ತು. ಅವರು ಮೌಸನ್ನು ಅದರೊಳಗೆ ಇಳಿಸಿ ಲಾಡಿ ಬಿಗಿಯುತ್ತಿದ್ದರು.

"ಅತ್ತೆ, ಒಂದೇ ಒಂದು ಸಲ ಕೊಡಿ, ಬಲಗೈಯಲ್ಲಿ ಅಭ್ಯಾಸ ಮಾಡ್ಕೋತೀನಿ," ಎಂದು ಅವನು ಅಂಗಲಾಚಿದ.

"ಛೇ, ಮುಟ್ಟಬೇಡಿ ಅಳಿಯಂದಿರೇ," ಎಂದರು ಅತ್ತೆ ಚೀಲವನ್ನು ಎದೆಗವಚಿಕೊಂಡು. "ಈಗಷ್ಟೇ ನನ್ನ ಕೈಗೆ ಪಳಗಿದೆ. ಬೇರೆಯವರು ಮುಟ್ಟಿದ್ರೆ ಇದರ ಕೈ ಕೆಟ್ಟುಹೋಗುತ್ತೆ."